ಡಬ್ಬದ ಮೇಲೆ 130 ವ್ಯಾಟ್ ಅಂತ ಬರೆದಿತ್ತು

ಮೊದಲನೇ ಸಲ ಆಫ್ ಆದಾಗ ಕರೆಂಟ್ ಹೋಯ್ತು ಅಂದುಕೊಂಡೆವು. ನೋಡಿದರೆ ಫ್ಯಾನ್ ತಿರುಗುತ್ತಿತ್ತು. ಟಿವಿಯಲ್ಲಿ ಚಿತ್ರ ಓಡುತ್ತಿತ್ತು. ಸದ್ದು ಮಾತ್ರ ಇಲ್ಲ. ಶೋಕೇಸ್ ಒಳಗಿನಿಂದ ‘ಟಕ್’ ಅಂತ ಒಂದು ಸಣ್ಣ ಶಬ್ದ ಬಂದಿತ್ತು, ಅಷ್ಟೇ. ಬಗ್ಗಿ ನೋಡಿದೆ. ಅಲ್ಲಿದ್ದದ್ದು ಹೋಮ್ ಥಿಯೇಟರ್ ರಿಸೀವರ್, ಅಂದರೆ ಸ್ಪೀಕರ್‌ಗಳನ್ನು ಓಡಿಸುವ ಆಂಪ್ಲಿಫೈಯರ್ ಪೆಟ್ಟಿಗೆ. ಅದರ ಮುಂದಿನ ಕೆಂಪು ದೀಪ ಮಿಣುಕುತ್ತಿತ್ತು.

ಹಿಂದಿನಿಂದ ಅಮ್ಮ, "ಸ್ಟಾರ್ಟರ್ ಟ್ರಿಪ್ ಆಯ್ತೇನೋ?" ಅಂದರು.

ತೋಟದ ಬೋರ್‌ವೆಲ್ ಮೋಟಾರ್ ಜೊತೆ ಮೂವತ್ತು ವರ್ಷ ಏಗಿದವರು ಅವರು. ಮನೆಯಲ್ಲಿ ಮಿಕ್ಸಿ ನಿಂತರೂ ಸ್ಟಾರ್ಟರ್ ಟ್ರಿಪ್ ಅನ್ನುತ್ತಾರೆ. ನಾನು ನಕ್ಕು, "ಇದಕ್ಕೆಲ್ಲ ಸ್ಟಾರ್ಟರ್ ಇರಲ್ಲಮ್ಮ" ಅಂದೆ. ಅವರು ಹೇಳಿದ್ದೇ ಸರಿ ಅಂತ ಗೊತ್ತಾಗೋಕೆ ನನಗೆ ಎರಡು ತಿಂಗಳು ಮತ್ತು ಒಂದು ಟ್ವೀಟರ್ (ಸ್ಪೀಕರ್ ಪೆಟ್ಟಿಗೆಯಲ್ಲಿ ತೆಳು, ಚೂಪು ಸದ್ದು ಹೊರಡಿಸುವ ಪುಟ್ಟ ಭಾಗ) ಖರ್ಚಾಯಿತು.

ನಮ್ಮ ಮನೆ ತುಮಕೂರಿನ ಬಟವಾಡಿಯಲ್ಲಿ. ಹೋದ ವರ್ಷ ಮಹಡಿ ಮೇಲೆ ಒಂದು ಹಾಲ್ ಕಟ್ಟಿಸಿದೆವು, 14 ಅಡಿಗೆ 18 ಅಡಿ. ಕಟ್ಟಿಸುವಾಗಲೇ ಹೋಮ್ ಥಿಯೇಟರ್ ಇಡಬೇಕು ಅಂತ ನನ್ನ ಆಸೆ. ಗೋಡೆ ಒಳಗೆ ಪೈಪ್ ಬಿಡಿಸಿದ್ದೆ. ಮನೆ ಮುಗಿಯುವಷ್ಟರಲ್ಲಿ ದುಡ್ಡೂ ಮುಗಿಯಿತು. ಹಾಗಾಗಿ ಸೆಕೆಂಡ್ ಹ್ಯಾಂಡ್. ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುತ್ತಿದ್ದ ಒಬ್ಬರ ಹತ್ತಿರ 5.1 ಚಾನೆಲ್ (ಐದು ಸ್ಪೀಕರ್, ಗುಡುಗಿನಂಥ ಸದ್ದಿಗೆ ಒಂದು ಸಬ್‌ವೂಫರ್) ರಿಸೀವರ್ ಸಿಕ್ಕಿತು, 14,000 ರೂಪಾಯಿ. ಡಬ್ಬ ಸಮೇತ ಕೊಟ್ಟರು. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಚಾನೆಲ್‌ಗೆ 130 ವ್ಯಾಟ್ ಅಂತ ಅಚ್ಚಾಗಿತ್ತು. ಇನ್ನೊಬ್ಬರ ಹತ್ತಿರ ಎದೆಯೆತ್ತರದ ಎರಡು ಟವರ್ ಸ್ಪೀಕರ್, 22,000. ಅದರ ಹಿಂದೆ ‘150 ವ್ಯಾಟ್ ವರೆಗೆ’ ಅಂತ ಇತ್ತು. 130, 150. ಸರಿಹೋಯಿತು ಅಂದುಕೊಂಡೆ. ಆಂಪ್ಲಿಫೈಯರ್ ವ್ಯಾಟ್ ಸ್ಪೀಕರ್ ವ್ಯಾಟ್‌ಗಿಂತ ಕಡಿಮೆ ಇದ್ದರೆ ಸ್ಪೀಕರ್ ಸುಡಲ್ಲ ಅಲ್ವಾ? ನನ್ನ ತಿಳಿವಳಿಕೆ ಅಷ್ಟೇ ಇತ್ತು. ನನ್ನ ಕೆಲಸ ಅಂಗಡಿಗಳ ಲೆಕ್ಕ ಬರೆಯೋದು. ಎರಡು ಅಂಕಿ ತಾಳೆಯಾದರೆ ನಾನು ಮುಂದೆ ನೋಡುವವನಲ್ಲ.

ಎರಡನ್ನೂ ಬಾಡಿಗೆ ಟೆಂಪೋದಲ್ಲಿ ತಂದೆ. ರಿಸೀವರ್ ಜೊತೆ ಬಂದಿದ್ದ ಚಿಕ್ಕ ಮೈಕ್ ಇಟ್ಟು ಆಟೋ ಸೆಟಪ್ ಮಾಡಿದೆ. ಅದು ಪೀಂಪೀಂ ಅಂತ ಊದಿ, ಎಲ್ಲ ಅಳೆದು, ಮುಂದಿನ ಎರಡು ಸ್ಪೀಕರ್‌ಗೆ ‘ಲಾರ್ಜ್’ ಅಂತ ಸರ್ಟಿಫಿಕೇಟ್ ಕೊಟ್ಟಿತು. ಹೆಮ್ಮೆ ಆಯಿತು. ಅದೇ ಭಾನುವಾರ ಭಾವ, ಅಕ್ಕ, ಮಕ್ಕಳು ಎಲ್ಲ ಬಂದಿದ್ದರು. ಫೈಟಿಂಗ್ ಸಿನಿಮಾ ಹಾಕಿದೆ. ವಾಲ್ಯೂಮ್ ಮೈನಸ್ 5ಕ್ಕೆ ತಂದೆ (ಇದರಲ್ಲಿ ಸೊನ್ನೆಗೆ ಹತ್ತಿರ ಆದಷ್ಟೂ ಜೋರು). ಇಪ್ಪತ್ತೇ ನಿಮಿಷ. ಟಕ್.

ಎಲ್ಲರೂ ಕೆಳಗೆ ಹೋಗಿ ಕಾಫಿ ಕುಡಿದು ಬಂದರು. ಮತ್ತೆ ಹಾಕಿದೆ. ಹತ್ತು ನಿಮಿಷಕ್ಕೆ ಮತ್ತೆ ಟಕ್. ಭಾವ ಏನೂ ಅನ್ನಲಿಲ್ಲ. ಅವರು ಏನೂ ಅನ್ನದೇ ಇದ್ದದ್ದೇ ಜಾಸ್ತಿ ಚುಚ್ಚಿತು.

ಮಾರನೇ ದಿನ ಪೇಟೆಯ ಒಂದು ಅಂಗಡಿಗೆ ಹೋಗಿ ಕೇಳಿದೆ. ಅಲ್ಲಿದ್ದ ಹುಡುಗ ಅರ್ಧ ಮಾತು ಕೇಳಿ, "ಸಾರ್, ಆಂಪ್ ಸಾಕಾಗ್ತಿಲ್ಲ, ದೊಡ್ಡದು ತಗೊಳ್ಳಿ" ಅಂದ. ಎಷ್ಟಾಗುತ್ತೆ ಅಂದೆ. ಅರವತ್ತರಿಂದ ಶುರು ಅಂದ. ನಾನು ಥ್ಯಾಂಕ್ಸ್ ಹೇಳಿ ಎದ್ದು ಬಂದೆ.

ಮನೆಗೆ ಬಂದು ರಿಸೀವರ್‌ನ ಮೆನು ಕೆದಕಿದೆ. ಸ್ಪೀಕರ್ ಇಂಪಿಡೆನ್ಸ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ) ಅಂತ ಒಂದು ಸೆಟ್ಟಿಂಗ್ ಇತ್ತು. 8 ಓಮ್ಸ್ ಅಥವಾ 6 ಓಮ್ಸ್. ನನ್ನ ಟವರ್‌ಗಳ ಹಿಂದೆ 4 ಓಮ್ಸ್ ಅಂತ ಇತ್ತು. ನಾಲ್ಕಕ್ಕೆ ಆರು ಹತ್ತಿರ ತಾನೇ ಅಂತ 6 ಹಾಕಿದೆ. ಆಶ್ಚರ್ಯ, ಟ್ರಿಪ್ ಆಗೋದು ನಿಂತುಹೋಯಿತು! ಎರಡು ದಿನ ಬೀಗುತ್ತಾ ಓಡಾಡಿದೆ. ಸದ್ದು ಸ್ವಲ್ಪ ಸಪ್ಪೆ ಅನಿಸಿತು. ವಾಲ್ಯೂಮ್ ಇನ್ನೂ ಏರಿಸಿದೆ. ಟ್ರೆಬಲ್ ಒಂದೆರಡು ಗೀಟು ಜಾಸ್ತಿ ಮಾಡಿದೆ. ಜೋರು ದೃಶ್ಯಗಳಲ್ಲಿ ಒಂದು ಥರ ಚರಚರ ಅಂತಿತ್ತು. ಸಿನಿಮಾದಲ್ಲೇ ಹಾಗಿರಬೇಕು ಅಂದುಕೊಂಡೆ.

ಮೂರನೇ ದಿನ ಬೆಳಿಗ್ಗೆ ಹಾಡು ಹಾಕಿದರೆ ಬಲಗಡೆ ಸ್ಪೀಕರ್ ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ ಕೇಳಿಸಿತು. ಕಿವಿ ಹತ್ತಿರ ಇಟ್ಟೆ. ದಪ್ಪ ಸದ್ದಿನ ವೂಫರ್ ಮಾತಾಡುತ್ತಿದೆ. ಟ್ವೀಟರ್ ಸತ್ತಿದೆ.

ಆಗ ಅಮ್ಮ ಮಾವನ ಹೆಸರು ತೆಗೆದರು.

ಮಾವ ಅಂದರೆ ಅಮ್ಮನ ತವರೂರಿನವರು. ರಕ್ತಸಂಬಂಧ ಅಲ್ಲ, ಊರ ಸಂಬಂಧ. ನಾವು ಚಿಕ್ಕವರಿದ್ದಾಗಿಂದ ಅವರು ‘ಮೈಕ್‌ಸೆಟ್ ಮಾವ’. ಜಾತ್ರೆ, ಮದುವೆ, ನಾಟಕ, ಗಣಪತಿ, ಎಲೆಕ್ಷನ್ ಆಟೋ, ಎಲ್ಲದಕ್ಕೂ ಅವರದೇ ಮೈಕ್‌ಸೆಟ್. ಈಗ ಬಾಡಿಗೆಗೆ ಕೊಡೋದು ಬಿಟ್ಟಿದ್ದಾರೆ. ಗುಬ್ಬಿ ಗೇಟ್ ಹತ್ತಿರ ಒಂದು ಸಣ್ಣ ಮಳಿಗೆ ಇಟ್ಟುಕೊಂಡು ರಿಪೇರಿ ಮಾಡುತ್ತಾರೆ. ಹೊರಗೆ ಬೋರ್ಡ್ ಇಲ್ಲ. ಒಳಗೆ ಕಾಲಿಡೋಕೆ ಜಾಗ ಇಲ್ಲ. ಅಟ್ಟದ ಮೇಲೆ ಹಳೇ ಹಾರ್ನ್‌ಗಳು ಉಮ್ಮತ್ತಿ ಹೂವಿನ ಹಾಗೆ ಬಾಯಿ ಬಿಟ್ಟುಕೊಂಡು ಮಲಗಿವೆ.

ರಿಸೀವರ್ ಮತ್ತು ಬಲಗಡೆ ಟವರ್ ಎರಡನ್ನೂ ಆಟೋದಲ್ಲಿ ಹಾಕಿಕೊಂಡು ಹೋದೆ. ಟವರ್ ನನ್ನ ಭುಜಕ್ಕೆ ಒರಗಿಕೊಂಡು ಕೂತಿತ್ತು. ಆಟೋದವನು, "ಇದೂ ಒಂದು ಸೀಟ್ ಲೆಕ್ಕ ಸಾರ್" ಅಂದ.

ಮಾವ ಮೊದಲು ರಿಸೀವರ್‌ಗೆ ಒಂದು ವೈರನ್ನೂ ಹಾಕದೆ ಆನ್ ಮಾಡಿದರು. ಐದು ನಿಮಿಷ ಹಾಗೇ ಬಿಟ್ಟರು. ಟ್ರಿಪ್ ಆಗಲಿಲ್ಲ. "ಇದು ಬದುಕೈತೆ ಬಿಡು" ಅಂದರು. ಸ್ಪೀಕರ್ ಕಟ್ಟದೇನೂ ಆಫ್ ಆದರೆ ಒಳಗೆ ಕೆಟ್ಟಿದೆ ಅಂತ ಅರ್ಥ. ಕಟ್ಟಿದ ಮೇಲೆ ಆಫ್ ಆದರೆ ವೈರೋ ಸ್ಪೀಕರ್ರೋ ನೋಡಬೇಕು. ಆಮೇಲೆ ಮಲ್ಟಿಮೀಟರ್ ತೆಗೆದು ಟವರ್ ಹಿಂದಿನ ಎರಡು ಟರ್ಮಿನಲ್‌ಗೆ ಮುಟ್ಟಿಸಿದರು. 3.3 ತೋರಿಸಿತು. 4 ಓಮ್ಸ್ ಸ್ಪೀಕರ್ ಮೀಟರ್‌ನಲ್ಲಿ ಮೂರು ಚಿಲ್ಲರೆ ತೋರಿಸುತ್ತೆ, 8 ಓಮ್ಸ್‌ನದು ಆರರ ಆಸುಪಾಸು ತೋರಿಸುತ್ತೆ ಅಂದರು. ಮೀಟರ್ ಅಳೆಯೋದು ಬರೀ ತಂತಿಯ ತಡೆ. ಹಾಡು ಹರಿಯುವಾಗ ಆ ತಡೆ ಒಂದೇ ಸಮ ಇರಲ್ಲ. ಒಂದೊಂದು ಸ್ವರಕ್ಕೆ ಒಂದೊಂದು ಥರ ಏರಿ ಇಳಿಯುತ್ತೆ. ಹಿಂದೆ ಬರೆದ 4 ಅನ್ನೋದು ಹೆಚ್ಚೂಕಮ್ಮಿ ಲೆಕ್ಕ.

ಟ್ವೀಟರ್ ಬಿಚ್ಚಿ ಕೈಗೆ ಕೊಟ್ಟರು. "ಮೂಸು" ಅಂದರು. ಮೂಸಿದೆ. ಸುಟ್ಟ ವಾರ್ನಿಷ್ ವಾಸನೆ. ರಿವೈಂಡಿಂಗ್ ಅಂಗಡಿ ಮುಂದೆ ಹೋದರೆ ಬರುತ್ತಲ್ಲ, ಅದೇ ವಾಸನೆ, ಸಾಸಿವೆಯಷ್ಟು. ಮೀಟರ್ ಇಟ್ಟರೆ ಮುಳ್ಳು ಅಲ್ಲಾಡಲಿಲ್ಲ. ಒಳಗಿನ ಕಾಯಿಲ್ ಕೂದಲಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಅದು ತುಂಡಾಗಿತ್ತು.

"ಜಾಸ್ತಿ ಪವರ್ ಹೋಗಿ ಸುಟ್ಟಿರಬೇಕು ಅಲ್ವಾ ಮಾವ?" ಅಂದೆ.

"ಜಾಸ್ತಿ ಅಲ್ಲ ಅಳಿಮಯ್ಯ, ಸಾಲದೆ ಸುಟ್ಟೈತೆ" ಅಂದರು.

ನನಗೆ ಅರ್ಥ ಆಗಲಿಲ್ಲ. ಅವರು ನೆಲದ ಕಪ್ಪು ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಗುಡ್ಡ ಗುಡ್ಡವಾಗಿ ಒಂದು ಅಲೆ ಬರೆದರು. ಅದರ ತಲೆ ಮೇಲೆ ಒಂದು ಅಡ್ಡಗೆರೆ ಎಳೆದರು. "ಇದು ನಿನ್ನ ಆಂಪ್ಲಿಫೈಯರ್ ಮಾಳಿಗೆ. ಅಲೆ ಇದಕ್ಕಿಂತ ಮೇಲೆ ಹೋಗಂಗಿಲ್ಲ." ಆಮೇಲೆ ಅದೇ ಅಲೆಯನ್ನು ಇನ್ನೂ ಎತ್ತರ ಬರೆದರು. ಗೆರೆಗಿಂತ ಮೇಲಿದ್ದ ಭಾಗವನ್ನು ಅಂಗೈಯಿಂದ ಒರೆಸಿದರು. ಗುಡ್ಡದ ತಲೆ ಹೋಗಿ ಮೇಜಿನ ಹಾಗೆ ಚಪ್ಪಟೆ ಆಯಿತು. "ನೀನು ವಾಲ್ಯೂಮ್ ಏರಿಸ್ತೀಯ. ದಪ್ಪ ಸದ್ದು ಮಾಳಿಗೆಗೆ ತಲೆ ಬಡ್ಕಂಡು ಅಲ್ಲೇ ನಿಲ್ತದೆ. ತೆಳು ಸದ್ದು ಮಾತ್ರ ಬೆಳೀತಾನೇ ಇರ್ತದೆ. ಮೇಲಾಗಿ ಈ ಚೂಪು ಮೂಲೆ ಐತಲ್ಲ, ಅದೂ ಹೊಸದಾಗಿ ಕೀರಲು ಸದ್ದು ಹುಟ್ಟಿಸ್ತದೆ. ಎಲ್ಲಾ ಯಾರ ತಲೆಗೆ? ಪಾಪ, ಈ ಟ್ವೀಟರ್‌ಗೆ."

ಇದಕ್ಕೇ ಕ್ಲಿಪ್ಪಿಂಗ್ ಅನ್ನೋದು. ನಾನು ಕೇಳಿದ್ದ ಚರಚರ ಅದೇ. ಮಾಮೂಲಿ ಸಿನಿಮಾ ಸದ್ದಿನಲ್ಲಿ ಟ್ವೀಟರ್‌ಗೆ ಹೋಗೋದು ಕೆಲವೇ ವ್ಯಾಟ್. ಸ್ಪೀಕರ್ ಹಿಂದೆ ಬರೆದ 150 ಇಡೀ ಪೆಟ್ಟಿಗೆಯ ಲೆಕ್ಕ, ಅದರಲ್ಲಿ ಬಹುಪಾಲು ವೂಫರ್‌ಗೆ. ಅಂದರೆ 150 ತಡೆಯುವ ಸ್ಪೀಕರನ್ನು ಅದಕ್ಕಿಂತ ಚಿಕ್ಕ ಆಂಪ್ಲಿಫೈಯರ್ ಆರಾಮಾಗಿ ಸುಡಬಹುದು. ನಾನು ಸುಟ್ಟಿದ್ದೆ. ಮೆನುವಿನಲ್ಲಿ 6 ಓಮ್ಸ್ ಹಾಕಿದಾಗ ಆಗಿದ್ದು ಇಷ್ಟೇ: ರಿಸೀವರ್ ಬಿಸಿ ಆಗದಿರಲಿ ಅಂತ ಒಳಗಿನ ವೋಲ್ಟೇಜ್ ಇಳಿಸಿಕೊಂಡಿತು. ಮಾವನ ಮಾಳಿಗೆ ಇನ್ನೂ ತಗ್ಗಾಯಿತು. ಟ್ರಿಪ್ ನಿಂತಿತು, ಕ್ಲಿಪ್ಪಿಂಗ್ ಶುರುವಾಯಿತು. ಟ್ರಿಪ್ ಆಗುತ್ತಿದ್ದದ್ದೇ ವಾಸಿ ಇತ್ತು.

"ನಂದು 130 ವ್ಯಾಟ್ ಮಾವ, ಡಬ್ಬದ ಮೇಲೆ ಇದೆ" ಅಂದೆ, ಸ್ವಲ್ಪ ಹಟಕ್ಕೆ ಬಿದ್ದು.

"ನಿಮ್ಮ ತೋಟದ ಮೋಟಾರ್ ಎಷ್ಟು ಎಚ್‌ಪಿ?"

"ಏಳೂವರೆ."

"ಎಷ್ಟು ನೀರು ಬರ್ತದೆ?"

"ಅದು ಹೆಂಗೆ ಹೇಳೋದು? ಬೋರ್ ಎಷ್ಟು ಅಡಿ ಅನ್ನೋದರ ಮೇಲೆ ಅಲ್ವಾ?"

ಮಾವ ಏನೂ ಹೇಳದೆ ಬೀಡಿ ಹಚ್ಚಿದರು.

ಮನೆಗೆ ಬಂದು ರಿಸೀವರ್‌ನ ಮ್ಯಾನ್ಯುಯಲ್ ಫೋನಿನಲ್ಲಿ ತೆಗೆದು ಕೊನೇ ಪುಟ ನೋಡಿದೆ. ಅಲ್ಲಿ ಸಣ್ಣ ಅಕ್ಷರದಲ್ಲಿ ನಿಜ ಇತ್ತು. 130 ವ್ಯಾಟ್ ಅನ್ನೋದು ಒಂದೇ ಚಾನೆಲ್ ಓಡಿಸಿದಾಗ, 6 ಓಮ್ಸ್‌ಗೆ, 1 ಕಿಲೋಹರ್ಟ್ಸ್‌ನ ಒಂದೇ ಸ್ವರಕ್ಕೆ, 10 ಪರ್ಸೆಂಟ್ ಡಿಸ್ಟಾರ್ಷನ್ (ಸದ್ದು ವಿಕಾರ ಆಗೋದು) ಒಪ್ಪಿಕೊಂಡರೆ. ಹತ್ತು ಪರ್ಸೆಂಟ್ ಅಂದರೆ ಆಗಲೇ ತಲೆ ಚಪ್ಪಟೆಯಾದ ಅಲೆ. ಅದರ ಕೆಳಗೆ ಇನ್ನೊಂದು ಸಾಲು: ಎರಡು ಚಾನೆಲ್ ಓಡುವಾಗ, 8 ಓಮ್ಸ್‌ಗೆ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, 0.08 ಪರ್ಸೆಂಟ್ ಡಿಸ್ಟಾರ್ಷನ್‌ನಲ್ಲಿ 75 ವ್ಯಾಟ್. ಇದು ಮರ್ಯಾದಸ್ತ ಅಂಕಿ. ಐದೂ ಚಾನೆಲ್ ಒಟ್ಟಿಗೆ ಗರ್ಜಿಸಿದರೆ ಎಷ್ಟು ಅನ್ನೋದನ್ನು ಬರೆದೇ ಇರಲಿಲ್ಲ.

ಲೆಕ್ಕ ಬರೆಯುವವನು ನಾನು. ರಿಸೀವರ್ ಹಿಂಭಾಗದ ಪಟ್ಟಿಯಲ್ಲಿ ವಿದ್ಯುತ್ ಬಳಕೆ 330 ವ್ಯಾಟ್ ಅಂತ ಇತ್ತು. ಐದು ಗುಣಿಸು 130 ಅಂದರೆ 650. 330 ತಗೊಂಡು 650 ಕೊಡುವ ಅಂಗಡಿ ಯಾವುದಾದರೂ ಇದ್ದರೆ ಹೇಳಿ, ನಾಳೆಯೇ ಪಾಲುದಾರನಾಗುತ್ತೇನೆ. ಆ 330 ಗರಿಷ್ಠ ಅಲ್ಲ, ಜೋರು ಹೊಡೆತಕ್ಕೆ ಅದು ಸ್ವಲ್ಪ ಹೊತ್ತು ಜಾಸ್ತಿ ಎಳೆಯಬಲ್ಲದು, ನಿಜ. ಆದರೆ ಎಳೆದದ್ದರಲ್ಲಿ ಅರ್ಧಕ್ಕೆ ಸ್ವಲ್ಪ ಮೇಲೆ ಸ್ಪೀಕರ್‌ಗೆ ಹೋದರೆ ಪುಣ್ಯ. ಉಳಿದದ್ದೆಲ್ಲ ಬಿಸಿ. ಒಂದು ಕಾಲದಲ್ಲಿ ಟೇಪ್ ರೆಕಾರ್ಡರ್ ಮೇಲೆ 1000 ವ್ಯಾಟ್ ಪಿಎಂಪಿಒ (ಚಣಮಾತ್ರದ, ಉಬ್ಬಿಸಿದ ಅಂಕಿ) ಅಂತ ಅಂಟಿಸುತ್ತಿದ್ದರಲ್ಲ, ನೆನಪಿದೆಯಾ? ಇದು ಅದರ ಓದುಬರಹ ಕಲಿತ ತಮ್ಮ.

ಅದೇ ಪಟ್ಟಿಯಲ್ಲಿ ಸ್ಪೀಕರ್ 6ರಿಂದ 16 ಓಮ್ಸ್ ಇರಬೇಕು ಅಂತಲೂ ಅಚ್ಚಾಗಿತ್ತು. ನಾನು ಕಟ್ಟಿದ್ದು 4. ಓಮ್ಸ್ ಕಡಿಮೆ ಆದಷ್ಟೂ ಸ್ಪೀಕರ್ ಜಾಸ್ತಿ ಕರೆಂಟ್ ಎಳೆಯುತ್ತೆ. 8ಕ್ಕೆ ಹೋಲಿಸಿದರೆ 4 ಓಮ್ಸ್ ಅಂದರೆ ಅದೇ ವೋಲ್ಟೇಜಿಗೆ ಎರಡರಷ್ಟು ಕರೆಂಟ್. ರಿಸೀವರ್ ಒಳಗೆ ಅದನ್ನು ಕಾಯುವ ಒಂದು ಸರ್ಕ್ಯೂಟ್ ಇದೆ. ಕರೆಂಟ್ ಅಥವಾ ಬಿಸಿ ಮಿತಿ ಮೀರಿದರೆ ರಿಲೇ ಅನ್ನುವ ಸ್ವಿಚ್ಚನ್ನು ಬಿಡಿಸಿಬಿಡುತ್ತೆ. ಟಕ್. ಅಮ್ಮ ಹೇಳಿದ ಸ್ಟಾರ್ಟರ್ ಅದೇ.

ಮರುವಾರ ಮಾವ ಮನೆಗೇ ಬಂದರು. ಬರುವಾಗ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದಿದ್ದರು. ಅಮ್ಮನಿಗೆ "ಅಕ್ಕ, ನೀನು ಮಾಡೋದ್ ಬ್ಯಾಡ, ತಂದಿವ್ನಿ" ಅಂದರು. ಮೇಲೆ ಹತ್ತಿ ಬಂದು ಶೋಕೇಸ್ ನೋಡಿದವರು ಅಲ್ಲೇ ನಿಂತರು.

ರಿಸೀವರ್ ಗಾಜಿನ ಬಾಗಿಲ ಒಳಗಿತ್ತು. ಅದರ ಮೇಲೆ ಅಮ್ಮ ಹಾಕಿದ ಕ್ರೋಶಾ ಬಟ್ಟೆ. ಬಟ್ಟೆ ಮೇಲೆ ಒಂದು ಪುಟ್ಟ ಗಣಪತಿ, ಗಣಪತಿ ಪಕ್ಕ ಪ್ಲಾಸ್ಟಿಕ್ ಹೂವು.

"ಗಾಳಿ ಹೋಗೋ ಕಿಂಡಿ ಎಲ್ಲಾ ಮುಚ್ಚಿ ದೇವ್ರನ್ನ ಕೂರ್ಸಿದ್ದೀಯಲ್ಲಕ್ಕ. ಅವನಿಗೂ ಸೆಕೆ" ಅಂದರು ಮಾವ. ಅಮ್ಮ ಗಣಪತಿಯನ್ನು ಎತ್ತಿ ಕಿಟಕಿ ಕಟ್ಟೆಗೆ ಸ್ಥಳಾಂತರಿಸಿದರು. ಬಟ್ಟೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಬಾಗಿಲನ್ನು ನಾನೇ ಬಿಚ್ಚಿದೆ.

ಆಮೇಲೆ ಪ್ಲಗ್ ಪಾಯಿಂಟ್‌ಗೆ ಮೀಟರ್ ಇಟ್ಟರು. ಸಂಜೆ ಏಳೂವರೆ. 185 ವೋಲ್ಟ್. ನಮ್ಮ ಬೀದಿಯಲ್ಲಿ ಸಂಜೆ ಹೊತ್ತು ಲೈಟ್ ಮಂಕಾಗೋದು ಎಲ್ಲರಿಗೂ ಗೊತ್ತು, ಅದನ್ನು ಸಿನಿಮಾ ಸದ್ದಿಗೆ ಗಂಟು ಹಾಕಿ ನೋಡಿರಲಿಲ್ಲ. ಮೋಟಾರ್ ಆದರೆ ವೋಲ್ಟೇಜ್ ಇಳಿದಾಗ ಜಾಸ್ತಿ ಕರೆಂಟ್ ಎಳೆದು ಕಾಯಿಲ್ ಸುಟ್ಟುಕೊಳ್ಳುತ್ತೆ. ಇಲ್ಲಿ ಮಾತ್ರ ಮೋಟಾರ್ ಹೋಲಿಕೆ ಕೂಡಿಬರಲ್ಲ. ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಇಂಥ ರಿಸೀವರ್‌ನಲ್ಲಿ ಹೊರಗಿನ ವೋಲ್ಟೇಜ್ ಇಳಿದರೆ ಒಳಗಿನದೂ ಅದೇ ಪ್ರಮಾಣದಲ್ಲಿ ಇಳಿಯುತ್ತೆ, ಮಾಳಿಗೆ ತಗ್ಗುತ್ತೆ. 230ಕ್ಕೆ 185 ಅಂದರೆ ನೂರಕ್ಕೆ 80. ಪವರ್ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತೆ, ಅಂದರೆ ನೂರಕ್ಕೆ ಸುಮಾರು 65. ನನ್ನ 75 ವ್ಯಾಟ್ ಸಂಜೆ ಹೊತ್ತಿಗೆ 48 ಆಗುತ್ತಿತ್ತು. 130ರಿಂದ 75, 75ರಿಂದ 48. ಅಡಿಕೆ ಮಂಡಿಯಲ್ಲಿ ಕಮಿಷನ್, ಹಮಾಲಿ, ತೂಕ ಅಂತ ಕಳೆದು ಕೊನೆಗೆ ಕೈಗೆ ಬರುತ್ತಲ್ಲ, ಥೇಟ್ ಹಾಗೆ.

ಸ್ಪೀಕರ್ ವೈರ್ ನೋಡಿ ಮಾವ ಬಾಯಲ್ಲಿ ಚ್ ಚ್ ಅಂದರು. ಸೀರಿಯಲ್ ಸೆಟ್‌ಗೆ ಹಾಕುವಂಥ ತೆಳು ವೈರ್. ಅದರ ಎರಡು ಎಳೆ ಪಕ್ಕದ ಟರ್ಮಿನಲ್ ಕಡೆ ಮೀಸೆಯ ಹಾಗೆ ಚಾಚಿದ್ದವು. ಇನ್ನೊಂದು ಚೂರು ಚಾಚಿದ್ದರೆ ಶಾರ್ಟ್. 14 ಗೇಜ್ ತಾಮ್ರದ ವೈರ್ ತಂದು ಹಾಕಿಸಿದರು. ಮೇಲೆ ತೆಳುವಾಗಿ ತಾಮ್ರ ಹೊದಿಸಿದ ಅಲ್ಯೂಮಿನಿಯಂ ವೈರೂ ಮಾರುತ್ತಾರೆ, ತುದಿ ಕೆರೆದು ನೋಡಿ ತಗೊಳ್ಳಿ. ವೈರ್ ವಿಷಯ ಇಷ್ಟೇ. ಒಂದು ಮೀಟರ್ ಉದ್ದಕ್ಕೆ ಸಾವಿರಾರು ರೂಪಾಯಿ ಆಗುವ ವೈರ್ ಬಗ್ಗೆ ಕೇಳಿದೆ. ಮಾವ ಉತ್ತರ ಕೊಡಲಿಲ್ಲ, ಇಡ್ಲಿ ತಿಂದರು.

ತಿಂದಾದ ಮೇಲೆ ಅವರು ಹೇಳಿದ ಒಂದು ಮಾತು ನನ್ನ ಲೆಕ್ಕವನ್ನೇ ಬದಲಾಯಿಸಿತು.

"ನಮ್ಮೂರ ಜಾತ್ರೆಗೆ ನಾನು ತರ್ತಿದ್ದ ಆಂಪ್ಲಿಫೈಯರ್ ಎಷ್ಟು ವ್ಯಾಟ್ ಹೇಳು?"

"ಐನೂರು?"

"ಮೂವತ್ತು. ಮೂವತ್ತು ವ್ಯಾಟ್, ಎರಡು ಹಾರ್ನ್, ತೆಂಗಿನ ಮರಕ್ಕೆ ಕಟ್ತಿದ್ದೆ. ಬೆಳಗಿನ ಸುಪ್ರಭಾತ ಪಕ್ಕದೂರಿಗೆ ಕೇಳ್ತಿತ್ತು. ನಿಂದು ಈ ರೂಮಿಗೇ ಸಾಲ್ದು."

ಹೌದಲ್ಲ! ಬಾಲ್ಯದಲ್ಲಿ ಆ ಸುಪ್ರಭಾತಕ್ಕೆ ನಿದ್ದೆಗೆಟ್ಟು ಬೈದುಕೊಂಡಿದ್ದೇನೆ. ಹಾಗಾದರೆ ಗುಟ್ಟು ಎಲ್ಲಿದೆ?

ಗುಟ್ಟು ಸೆನ್ಸಿಟಿವಿಟಿಯಲ್ಲಿದೆ. ಸ್ಪೀಕರ್‌ಗೆ ಒಂದು ವ್ಯಾಟ್ ಕೊಟ್ಟು, ಒಂದು ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬಲ್ ಬರುತ್ತೆ ಅನ್ನೋದು. ಹಾರ್ನ್‌ಗಳಲ್ಲಿ ಅದು 100 ದಾಟುತ್ತೆ. ಮನೆ ಸ್ಪೀಕರ್‌ಗಳಲ್ಲಿ ಸಾಮಾನ್ಯವಾಗಿ 84ರಿಂದ 92. ನೋಡೋಕೆ ಹತ್ತೋ ಹದಿನೈದೋ ಅಂಕಿ ವ್ಯತ್ಯಾಸ. ಆದರೆ ಡೆಸಿಬಲ್ ಲೆಕ್ಕ ಬಡ್ಡಿ ಚಕ್ರಬಡ್ಡಿ ಲೆಕ್ಕ. 3 ಡೆಸಿಬಲ್ ಜಾಸ್ತಿ ಬೇಕು ಅಂದರೆ ಪವರ್ ಎರಡರಷ್ಟು ಬೇಕು. 10 ಡೆಸಿಬಲ್ ಜಾಸ್ತಿ ಬೇಕು ಅಂದರೆ ಹತ್ತರಷ್ಟು. ಕಿವಿಗೆ ಆ ಹತ್ತರಷ್ಟು ಪವರ್ ಸುಮಾರು ಎರಡರಷ್ಟು ಜೋರು ಅಂತ ಕೇಳುತ್ತೆ, ಅಷ್ಟೇ.

ಮಾವ ಇದನ್ನು ತಮ್ಮ ಧಾಟಿಯಲ್ಲಿ ಹೇಳಿದರು. ಅವರಿಗೆ ನಾಟಕದ ಹುಚ್ಚು. "ಗುಬ್ಬಿ ಕಂಪನಿ ಶುರುವಾಗಿದ್ದು 1884ರಲ್ಲಿ. ಆಗ ಮೈಕ್ ಎಲ್ಲಿತ್ತು? ಹಿಂದಿನ ಸಾಲಿಗೂ ಮಾತು ಕೇಳ್ಬೇಕು. ಕಂಠ ಇದ್ದೋನಿಗೆ ಉಸಿರು ಕಮ್ಮಿ ಸಾಕು. ಕಂಠ ಇಲ್ದೋನು ಎಷ್ಟು ಉಸಿರು ಬಿಟ್ರೂ ಕೆಮ್ಮೇ ಬರೋದು."

ಅವರು ಹೋದ ಮೇಲೆ ಕಿರಾಣಿ ಬಿಲ್ಲಿನ ಹಿಂದೆ ಲೆಕ್ಕ ಹಾಕೋಕೆ ಕೂತೆ. ನನ್ನ ಟವರ್‌ನ ಸೆನ್ಸಿಟಿವಿಟಿ 85 ಅಂತ ಅದರ ಕಾಗದದಲ್ಲಿತ್ತು. ಪಕ್ಕದಲ್ಲಿ ‘2.83 ವೋಲ್ಟ್‌ಗೆ’ ಅಂತ ಸಣ್ಣದಾಗಿ ಬರೆದಿತ್ತು. ಇಲ್ಲೊಂದು ಮೋಸ ಇದೆ, ಗಮನಿಸಿ. 2.83 ವೋಲ್ಟ್ ಅಂದರೆ 8 ಓಮ್ಸ್ ಸ್ಪೀಕರ್‌ಗೆ ಸರಿಯಾಗಿ ಒಂದು ವ್ಯಾಟ್. 4 ಓಮ್ಸ್ ಸ್ಪೀಕರ್‌ಗೆ ಅದೇ ವೋಲ್ಟೇಜ್ ಎರಡು ವ್ಯಾಟ್. ಅಂದರೆ ನನ್ನದು ಎರಡು ವ್ಯಾಟ್ ತಿಂದು 85 ಕೊಡುತ್ತಿತ್ತು. ಒಂದು ವ್ಯಾಟ್‌ಗೆ 82 ಮಾತ್ರ. ಕಂಠ ಇಲ್ಲದ ನಟ.

ಸೋಫಾ ಇರೋದು ಸ್ಪೀಕರ್‌ನಿಂದ ಹನ್ನೊಂದೂವರೆ ಅಡಿ, ಮೂರೂವರೆ ಮೀಟರ್. ದೂರ ಎರಡರಷ್ಟಾದಾಗೆಲ್ಲ 6 ಡೆಸಿಬಲ್ ಹೋಗುತ್ತೆ. ಮೂರೂವರೆ ಮೀಟರ್‌ಗೆ ಸುಮಾರು 11. 82ರಲ್ಲಿ 11 ಕಳೆದರೆ 71.

ಈಗ ವಾಲ್ಯೂಮ್. ಆಟೋ ಸೆಟಪ್ ಆದ ರಿಸೀವರ್‌ನಲ್ಲಿ ಸೊನ್ನೆ ಅಂದರೆ ಸಿನಿಮಾ ಮಿಕ್ಸಿಂಗ್ ಮಾಡುವವರ ಮಟ್ಟ. ಅಲ್ಲಿ ಒಂದೊಂದು ಚಾನೆಲ್‌ನ ಅತಿ ಜೋರು ಹೊಡೆತ 105 ಡೆಸಿಬಲ್. ನಾನು ಇಟ್ಟಿದ್ದು ಮೈನಸ್ 5. ಅಂದರೆ ಹೊಡೆತ 100. 71ರಿಂದ 100ಕ್ಕೆ ಹೋಗೋಕೆ 29 ಡೆಸಿಬಲ್. ಪವರ್‌ನಲ್ಲಿ ಸುಮಾರು 800 ವ್ಯಾಟ್!

ಪೆನ್ನು ಕೆಳಗಿಟ್ಟೆ. ಗೋಡೆಗಳು ಸದ್ದನ್ನು ವಾಪಸ್ ಎಸೆದು ಮೂರು ನಾಲ್ಕು ಡೆಸಿಬಲ್ ಉಳಿಸುತ್ತವೆ ಅಂತ ಹಿಡಿದರೂ ಮುನ್ನೂರು, ನಾನೂರು ವ್ಯಾಟ್. 48 ವ್ಯಾಟ್ ಇರುವವನ ಹತ್ತಿರ ನಾನೂರು ಕೇಳಿದ್ದೆ. ಅದು ಟ್ರಿಪ್ ಆಗದೆ ಇನ್ನೇನು ಮಾಡುತ್ತೆ?

ದಾರಿ ಎರಡಿತ್ತು. ಅಂಗಡಿ ಹುಡುಗ ಹೇಳಿದ ಹಾಗೆ ದೊಡ್ಡ ಆಂಪ್ಲಿಫೈಯರ್. ಅರವತ್ತು ಸಾವಿರ ಸುರಿದು 75ರ ಬದಲು 150 ವ್ಯಾಟ್ ತಂದರೂ ಸಿಗೋದು 3 ಡೆಸಿಬಲ್. ಇನ್ನೊಂದು, ಸ್ಪೀಕರ್ ಬದಲಾಯಿಸೋದು. 8 ಓಮ್ಸ್‌ನ, 89 ಡೆಸಿಬಲ್‌ನ ಸ್ಪೀಕರ್ ತಂದರೆ ಒಂದೇ ಸಲಕ್ಕೆ 7 ಡೆಸಿಬಲ್ ಲಾಭ. 7 ಡೆಸಿಬಲ್ ಅಂದರೆ ಐದು ಪಟ್ಟು ದೊಡ್ಡ ಆಂಪ್ಲಿಫೈಯರ್ ತಂದ ಹಾಗೆ, ಬಿಟ್ಟಿ. ಅಷ್ಟಾದರೂ ಮೈನಸ್ 5ಕ್ಕೆ ಸಾಲಲ್ಲ. ವಾಲ್ಯೂಮ್ ಇಳಿಸಲೇಬೇಕು. ಮೈನಸ್ 15ರಲ್ಲಿ ಹೊಡೆತ 90 ಡೆಸಿಬಲ್. ಹೊಸ ಸ್ಪೀಕರ್ ಲೆಕ್ಕ 78ರಿಂದ ಶುರು. 12 ಡೆಸಿಬಲ್, 16 ವ್ಯಾಟ್. ಸಂಜೆಯ 48ರಲ್ಲೂ ಆರಾಮು. ಹಳೇ ಟವರ್‌ಗೆ ಅದೇ ಸದ್ದಿಗೆ 80 ವ್ಯಾಟ್ ಬೇಕಿತ್ತು, ಅದೂ 4 ಓಮ್ಸ್‌ಗೆ.

ಕೂಡಲೇ ಮಾರಲಿಲ್ಲ. ಟವರ್ ಮೇಲೆ ಮೋಹ ಇತ್ತು, ಮನೆಗೆ ಬಂದವರೆಲ್ಲ ಮೊದಲು ಅದನ್ನೇ ನೋಡುತ್ತಿದ್ದರು. 1,400 ರೂಪಾಯಿಗೆ ಹೊಸ ಟ್ವೀಟರ್ ತರಿಸಿ ಹಾಕಿಸಿದೆ. ಇಂಪಿಡೆನ್ಸ್ ಸೆಟ್ಟಿಂಗನ್ನು ವಾಪಸ್ 8ಕ್ಕೆ ತಂದೆ. 13,000ಕ್ಕೆ ಸಬ್‌ವೂಫರ್ ತಗೊಂಡೆ. ಅದರೊಳಗೇ ಅದರ ಆಂಪ್ಲಿಫೈಯರ್ ಇರುತ್ತೆ. ಸ್ಪೀಕರ್‌ಗಳನ್ನು ‘ಲಾರ್ಜ್’ನಿಂದ ‘ಸ್ಮಾಲ್’ಗೆ ಬದಲಾಯಿಸಿ ಕ್ರಾಸ್‌ಓವರ್ (ಸದ್ದು ಪಾಲು ಮಾಡುವ ಗೆರೆ) 80 ಹರ್ಟ್ಸ್‌ಗೆ ಇಟ್ಟೆ. 80ರ ಕೆಳಗಿನ ಗುಡುಗು ಸಿಡಿಲೆಲ್ಲ ಸಬ್‌ವೂಫರ್ ಪಾಲಾಯಿತು. ರಿಸೀವರ್ ತಲೆ ಮೇಲಿನ ಮೂಟೆ ಅರ್ಧ ಇಳಿಯಿತು. ಟ್ರಿಪ್ ನಿಂತೇ ಹೋಯಿತು ಅನ್ನಬಹುದು. ‘ಸ್ಮಾಲ್’ ಅನ್ನುವ ಪದ ನೋಡಿ ಮೊದಲು ಅವಮಾನ ಆಗಿತ್ತು. ಆ ಪದಕ್ಕೂ ಸ್ಪೀಕರ್ ಎತ್ತರಕ್ಕೂ ಸಂಬಂಧವೇ ಇಲ್ಲ. ಸಬ್‌ವೂಫರ್ ಇದ್ದವರು ಕಣ್ಣುಮುಚ್ಚಿ ‘ಸ್ಮಾಲ್’ ಹಾಕಿ ಅಂತಲೇ ನಾನು ಹೇಳೋದು.

ಎರಡು ವಾರ ಹಾಗೇ ಓಡಿಸಿದೆ. ಆದರೂ ಮೇಲ್ಗಡೆ ಕೈ ಇಟ್ಟರೆ ದೋಸೆ ಹೆಂಚಿನ ಹಾಗೆ ಕಾದಿರುತ್ತಿತ್ತು. ಕೊನೆಗೆ ಮನಸ್ಸು ಗಟ್ಟಿ ಮಾಡಿದೆ. ಟವರ್‌ಗಳನ್ನು ತಿಪಟೂರಿನ ಸ್ನೇಹಿತನೊಬ್ಬನಿಗೆ ಕೊಟ್ಟೆ. ಅವನ ಹತ್ತಿರ 4 ಓಮ್ಸ್ ಆರಾಮಾಗಿ ಓಡಿಸುವ ಒಂದು ದಪ್ಪ ಸ್ಟೀರಿಯೋ ಆಂಪ್ಲಿಫೈಯರ್ ಇದೆ, ಎತ್ತೋಕೆ ಇಬ್ಬರು ಬೇಕು. ಅಲ್ಲಿ ಹೋಗಿ ಕೇಳಿದೆ. ಅವೇ ಸ್ಪೀಕರ್, ಎಷ್ಟು ಚೆನ್ನಾಗಿ ಹಾಡುತ್ತವೆ! ಹೊಟ್ಟೆ ಉರಿಯಿತು. ಸ್ಪೀಕರ್ ಕೆಟ್ಟದ್ದಾಗಿರಲಿಲ್ಲ, ರಿಸೀವರ್ರೂ ಕೆಟ್ಟದ್ದಾಗಿರಲಿಲ್ಲ. ಜಾತಕ ಕೂಡಿರಲಿಲ್ಲ.

ಹೊಸದಾಗಿ ತಂದದ್ದು ಬುಕ್‌ಶೆಲ್ಫ್ ಸ್ಪೀಕರ್, ಜೋಡಿಗೆ 18,000. ಬೆಂಗಳೂರಿಗೆ ರೈಲಲ್ಲಿ ಹೋಗಿ ಕೇಳಿ ನೋಡಿ ತಂದೆ. ಸೆಂಟರ್ ಸ್ಪೀಕರ್ ಅದೇ ಕಂಪನಿಯ ಅದೇ ಸರಣಿಯದು. ಮಾತು ಬರೋದೆಲ್ಲ ಅದರಿಂದಲೇ, ಅಲ್ಲಿ ಜುಗ್ಗತನ ಮಾಡಬೇಡಿ. ಹಿಂದಿನ ಎರಡು ಯಾವುದಾದರೂ ನಡೆಯುತ್ತೆ.

ಒಂದು ರಾತ್ರಿ ಫೋನಿನ ಡೆಸಿಬಲ್ ಆ್ಯಪ್ ಇಟ್ಟು ನೋಡಿದೆ. ಫೋನ್ ಕರಾರುವಾಕ್ಕಾಗಿ ಅಳೆಯಲ್ಲ, ನಾಲ್ಕೈದು ಆಚೀಚೆ ಇರುತ್ತೆ. ನಾವು ಮಾಮೂಲಾಗಿ ಸಿನಿಮಾ ನೋಡುವಾಗ 68, 70 ತೋರಿಸಿತು. 70 ಅಂತಲೇ ಇಟ್ಟುಕೊಳ್ಳಿ. ಒಂದು ವ್ಯಾಟ್‌ಗೆ 78 ಬರುವ ಸ್ಪೀಕರ್‌ನಲ್ಲಿ 70 ಬರೋಕೆ ಒಂದು ವ್ಯಾಟ್‌ನ ಆರನೇ ಒಂದು ಭಾಗ ಸಾಕು. ಎರಡು ಸಲ ಲೆಕ್ಕ ಹಾಕಿದೆ. ಹೌದು. 130 ಕಡಿಮೆ ಅಂತ ಅರವತ್ತು ಸಾವಿರದ ಯೋಚನೆ ಮಾಡಿದವನ ಮನೆಯಲ್ಲಿ ಸಿನಿಮಾದ ಬಹುಪಾಲು ಹೊತ್ತು ಒಂದು ವ್ಯಾಟೂ ಖರ್ಚಾಗುತ್ತಿಲ್ಲ. ಉಳಿದದ್ದೆಲ್ಲ ಬಾಗಿಲು ಬಡಿದಾಗ, ಬಾಂಬ್ ಬಿದ್ದಾಗ ಬೇಕಾಗುವ ಚಣಗಳಿಗೆ.

ಹೋದ ಶನಿವಾರ ಮಾವ ಮತ್ತೆ ಬಂದಿದ್ದರು. ಭಾವನೂ ಇದ್ದರು. ಅದೇ ಫೈಟಿಂಗ್ ಸಿನಿಮಾ, ಅದೇ ಜಾಗದಿಂದ ಹಾಕಿದೆ. ವಾಲ್ಯೂಮ್ ಮೈನಸ್ 15. ಇಪ್ಪತ್ತು ನಿಮಿಷ ಕಳೆಯಿತು. ನಾನು ಸಿನಿಮಾ ನೋಡುತ್ತಿರಲಿಲ್ಲ, ಕೆಂಪು ದೀಪ ನೋಡುತ್ತಿದ್ದೆ. ಒಂದು ಗಂಟೆ ಆಯಿತು. ಭಾವ, "ಸ್ವಲ್ಪ ಕಮ್ಮಿ ಮಾಡೋ, ಕಿವಿ ನೋಯ್ತದೆ" ಅಂದರು. ಆ ಮಾತಿಗೆ ಎಷ್ಟು ಖುಷಿಯಾಯಿತು ಅಂತ ಅವರಿಗೆ ಗೊತ್ತಾಗಿರಲ್ಲ.

ಸಿನಿಮಾ ಮುಗಿದ ಮೇಲೆ ಮಾವ ಎದ್ದು ಹೋಗಿ ರಿಸೀವರ್ ಮೇಲೆ ಅಂಗೈ ಇಟ್ಟರು. ಪಂಪ್‌ಹೌಸ್‌ನಲ್ಲಿ ಮೋಟಾರ್ ಮುಟ್ಟಿ ನೋಡುತ್ತಾರಲ್ಲ, ಹಾಗೆ. ಸ್ವಲ್ಪ ಹೊತ್ತು ಇಟ್ಟೇ ಇದ್ದರು.

"ಬೆಚ್ಚಗೈತೆ, ಅಷ್ಟೇ."

ಬಾಗಿಲ ಹತ್ತಿರ ಅಮ್ಮ ನಿಂತಿದ್ದರು. ಕೈಯಲ್ಲಿ ಕ್ರೋಶಾ ಬಟ್ಟೆ.

"ಹಂಗಾದ್ರೆ ಇದನ್ನ ಹಾಕ್ಲಾ?"